ಮೂರು ಪಾವು ತೌಡು

ಫೆಬ್ರವರಿ 3, 1999. ನಂಜನಗೂಡು

ಬೆಳಿಗ್ಗೆ ಬಂದೆ. ರುದ್ರಕ್ಕನ ಮನೆಯಲ್ಲಿ ಮೇಜಿಲ್ಲ. ಹೊಲಿಗೆ ಯಂತ್ರದ ಮುಚ್ಚಳದ ಮೇಲೆ ಕಾಗದಗಳನ್ನು ಜೋಡಿಸಿಟ್ಟೆ. ಬರ್ಗೆನ್‌ನಿಂದ ತಂದದ್ದು ಹನ್ನೊಂದು, ಇಲ್ಲಿ ಮಾಡಿಸಬೇಕಾದದ್ದು ಒಂಬತ್ತು. ಅಲ್ಲಿನವು ಹಸಿರು ಫೈಲಿನಲ್ಲಿ, ಇಲ್ಲಿನವು ಕೆಂಪಿನಲ್ಲಿ. ಕೆಂಪು ಫೈಲು ಸದ್ಯಕ್ಕೆ ಖಾಲಿ.

ಮಗುವನ್ನು ದತ್ತು ತೆಗೆದುಕೊಳ್ಳಲು ಅಲ್ಲಿನ ಸರ್ಕಾರ ನನಗೂ ನನ್ನ ಹೆಂಡತಿ ಮಂಗಳಾಗೂ ಕೊಟ್ಟಿರುವ ಅನುಮತಿ ಮೇ 31ರವರೆಗೆ. ಅಷ್ಟರೊಳಗೆ ಮೈಸೂರಿನ ನ್ಯಾಯಾಲಯದ ಆದೇಶವಾಗಬೇಕು, ಅದನ್ನು ಅಲ್ಲಿನ ಕಚೇರಿ ಒಪ್ಪಬೇಕು. ಅವಧಿ ಮುಗಿದರೆ ನಮ್ಮ ವಯಸ್ಸಿನವರಿಗೆ ಮತ್ತೆ ಕೊಡುವುದಿಲ್ಲ. ನನಗೆ ನಲವತ್ತಾರು. ಪ್ರಯೋಗಾಲಯದಲ್ಲಿ ನಾಲ್ಕು ತಿಂಗಳ ರಜೆ ಹಾಕಿ ಬಂದಿದ್ದೇನೆ. ಅಲ್ಲಿ ನನ್ನ ಕೆಲಸ ಕುಡಿಯುವ ನೀರನ್ನು ಪರೀಕ್ಷಿಸಿ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಡುವುದು. ಇದೂ ಹೆಚ್ಚುಕಡಿಮೆ ಅಂಥದೇ.

ಮಗು ನನ್ನ ತಮ್ಮ ಮರಿಸ್ವಾಮಿಯದು. ಅವನ ಹೆಂಡತಿ ಮೂರು ವರ್ಷದ ಹಿಂದೆ ಇನ್ನೊಂದು ಹೆರಿಗೆಯಲ್ಲಿ ಹೋದಳು, ಮರುವರ್ಷ ಕಾಮಾಲೆಯಲ್ಲಿ ಅವನು. ಅಂದಿನಿಂದ ಸಾಕುತ್ತಿರುವವಳು ನಮ್ಮಿಬ್ಬರ ಅಕ್ಕ, ರುದ್ರಕ್ಕ. ಈಗ ಅವಳ ಸಕ್ಕರೆ ಕಾಯಿಲೆ ಕಾಲಿಗಿಳಿದು ಎರಡು ಬೆರಳು ತೆಗೆದಿದ್ದಾರೆ. ಜೂನ್ ಮೊದಲ ವಾರ ಅವಳ ಮಗ ಬಸವೇಶ ಬಂದು ಅವಳನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗುತ್ತಾನೆ. ಅವಳೊಬ್ಬಳನ್ನೇ. ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಇನ್ನೊಂದು ಮಗುವಿಗೆ ಜಾಗವಿಲ್ಲ ಎಂದು ಬಸವೇಶನ ಹೆಂಡತಿ ಫೋನಿನಲ್ಲೇ ಹೇಳಿದ್ದಾಳೆ. ಸುತ್ತಿ ಬಳಸದೆ ಹೇಳಿದಳು. ನನಗೆ ಅದು ಮೆಚ್ಚಿಗೆಯಾಯಿತು.

ಆ ಹುಡುಗಿಗೆ ನಾಲ್ಕೂವರೆ. ಇಡೀ ದಿನ ಬಾಗಿಲ ಹಿಂದೆ ನಿಂತಿತ್ತು. ಮಂಗಳಾ ಹೆಣೆದು ಕಳಿಸಿದ ಸ್ವೆಟರನ್ನು ಕೊಟ್ಟರೆ ಕೈ ಮಾತ್ರ ಹೊರಗೆ ಬಂದು ತೆಗೆದುಕೊಂಡು ಹೋಯಿತು.

ಫೆಬ್ರವರಿ 6

ಇವತ್ತು ಮಾತಾಡಿದಳು. ನಾನು ಕ್ಷೌರ ಮಾಡಿಕೊಳ್ಳುತ್ತಿದ್ದೆ. ಕನ್ನಡಿಯೊಳಗಿನ ನನ್ನನ್ನು ನೋಡಿಕೊಂಡೇ ಕೇಳಿದಳು.

"ದೊಡ್ಡಪ್ಪ, ನೀವು ನನ್ನ ಕೊಂಡ್ಕೊಳಕ್ಕೆ ಬಂದಿದ್ದೀರಂತೆ?"

"ಕೊಂಡುಕೊಳ್ಳೋದಲ್ಲ. ದತ್ತು ತಗೊಳ್ಳೋದು."

"ಎಷ್ಟು ತೌಡು ಕೊಡ್ತೀರ?"

ಅಡುಗೆಮನೆಯಲ್ಲಿ ರುದ್ರಕ್ಕ ನಕ್ಕಳು. "ಅವಳ್ನ ಕಮ್ಮಿಗೆ ಕೇಳ್ಬೇಡ ಕಣೋ ಮಲ್ಲು. ಒಂದ್ಸಲ ಮಾರಿ ಉಳಿಸ್ಕೊಂಡಿರೋ ಕೂಸು ಅದು."

ಇವಳಿಗಿಂತ ಮೊದಲು ಮರಿಸ್ವಾಮಿಗೆ ಎರಡು ಮಕ್ಕಳಾಗಿ ತಿಂಗಳು ತುಂಬುವ ಮೊದಲೇ ಹೋಗಿದ್ದವು. ಅದು ನನಗೆ ಕಾಗದದಲ್ಲಿ ತಿಳಿದಿತ್ತು. ಇವಳು ಹುಟ್ಟಿದ್ದು ತಾಯಿಯ ತವರಿನಲ್ಲಿ, ಟಿ. ನರಸೀಪುರದಿಂದ ಆಚೆ, ಮುಡುಕುತೊರೆಯಲ್ಲಿ. ಒಂಬತ್ತನೆಯ ದಿನ ಮಗುವನ್ನು ಮೊರದಲ್ಲಿ ಮಲಗಿಸಿ ಹೊಸಿಲಾಚೆ ಇಟ್ಟರಂತೆ. ಎದುರು ಮನೆಯ ಒಕ್ಕಲಗಿತ್ತಿ ಚಿನ್ನಮ್ಮ ಬೀದಿ ದಾಟಿ ಬಂದು, ಮೂರು ಪಾವು ತೌಡು ಅಳೆದು ಕೊಟ್ಟು, ಮೊರ ಸಮೇತ ಮಗುವನ್ನು ಎತ್ತಿಕೊಂಡು ತನ್ನ ಮನೆಗೆ ಹೋದಳು. ಒಂದು ದಿನ ಇಟ್ಟುಕೊಂಡು, "ನನ್ನ ಮಗೀನ ಸಾಕ್ಕೊಡ್ರವ್ವ" ಎಂದು ತಂದು ಬಿಟ್ಟಳು.

"ಈ ಮನೆ ಮಗು ಹುಡುಕ್ಕೊಂಡು ಸಾವು ಬಂದ್ರೆ, ಈ ಮನೇಲಿ ಮಗುನೇ ಇಲ್ವಲ್ಲ" ಎಂದಳು ಅಕ್ಕ. "ಲೆಕ್ಕದಲ್ಲಿ ಇವತ್ತಿಗೂ ಚಿನ್ನಮ್ಮನೇ ಇವಳಿಗೆ ಅವ್ವ. ನಾವು ಸಾಕ್ತಾ ಇರೋರು ಅಷ್ಟೆ. ಮದ್ವೆ ಹೊತ್ತಿಗೆ ಸೀರೆ ಕುಪ್ಪಸ ಕೊಟ್ಟು ಬಿಡಿಸ್ಕೋಬೇಕು."

ಕಾಗದದಲ್ಲಿ ಬಿಂದುಶ್ರೀ. ಮನೆಯಲ್ಲಿ ತೌಡಿ. ಚಿಕ್ಕಂದಿನಲ್ಲಿ ನಮ್ಮ ಬೀದಿಯಲ್ಲೂ ಒಬ್ಬ ತೌಡಯ್ಯ ಇದ್ದ. ಯಾಕೆ ಆ ಹೆಸರು ಎಂದು ಯಾರನ್ನೂ ಕೇಳಿರಲಿಲ್ಲ. ಕುತೂಹಲಕರ.

ಫೆಬ್ರವರಿ 9

ಬರ್ಗೆನ್ ಕಚೇರಿಯ ಪ್ರಶ್ನಾವಳಿ ಮುಗಿಸಿದೆ. ಹದಿನೆಂಟು ಪ್ರಶ್ನೆ. ಹನ್ನೊಂದನೆಯದು: ಈ ಹಿಂದೆ ಮಗುವನ್ನು ಬೇರೆ ಯಾರಿಗಾದರೂ ಒಪ್ಪಿಸಲಾಗಿತ್ತೇ? ಯಾರಿಗೆ, ಯಾವಾಗ, ಯಾವ ಷರತ್ತಿನ ಮೇಲೆ? ವಿವರವಾಗಿ ಬರೆಯಿರಿ.

ವಿವರವಾಗಿ ಬರೆದೆ. ಒಂಬತ್ತನೆಯ ದಿನ, ಮೊರ, ಚಿನ್ನಮ್ಮ, ಮೂರು ಪಾವು, ಇಪ್ಪತ್ತನಾಲ್ಕು ಗಂಟೆ. ತೌಡನ್ನು ಅವರ ಭಾಷೆಯಲ್ಲಿ ಹೇಳಲು ಸರಿಯಾದ ಪದ ಹುಡುಕಲು ಅರ್ಧ ಗಂಟೆ ಹಿಡಿಯಿತು. ಉಳಿದ ಹದಿನೇಳು ಉತ್ತರಗಳು ಸಪ್ಪೆಯಾಗಿದ್ದವು. ಇದೊಂದು ಚೆನ್ನಾಗಿ ಬಂದಿದೆ. ಸಂಜೆ ಬಜಾರಿನ ಎಸ್‌ಟಿಡಿ ಬೂತಿನಿಂದ ಫ್ಯಾಕ್ಸ್ ಮಾಡಿಸಿದೆ.

ಫೆಬ್ರವರಿ 22. ಟಿ. ನರಸೀಪುರ

ಜನನ ನೋಂದಣಿಯ ನಕಲಿಗಾಗಿ ಮೂರನೆಯ ಸಲ. ಹುಡುಗಿ ಹಟ ಮಾಡಿ ಜೊತೆಗೆ ಬಂದಳು. ತಾಲ್ಲೂಕು ಕಚೇರಿಯ ಗುಮಾಸ್ತ ಮಹದೇವಯ್ಯ ಒಂದು ಗಂಟೆ ಹುಡುಕಿ ತೊಂಬತ್ನಾಲ್ಕರ ರಿಜಿಸ್ಟರ್ ತಂದು, ಧೂಳು ಹೊಡೆದು, ಕೇಳಿದರು.

"ಇವ್ಳೇನಾ ಪಾರ್ಟಿ?"

"ಹೌದು."

"ಏನಮ್ಮ, ನೀನು ಹುಟ್ಟಿರೋದು ನಿಜಾನಾ?"

"ನಿಜ" ಎಂದಳು.

"ಹಂಗಿದ್ರೆ ಬರ್ಕೊಡೋದಪ್ಪ. ಪಾರ್ಟಿನೇ ಒಪ್ಕೊಂಡ ಮೇಲೆ ಇನ್ನೇನಿದೆ."

ನಕಲು ಸಿಕ್ಕಿತು. ಬಸ್ ನಿಲ್ದಾಣದಲ್ಲಿ ಮುಡುಕುತೊರೆಯ ಮೇಲೆ ಹೋಗುವ ತಲಕಾಡಿನ ಬಸ್ಸು ನಿಂತಿತ್ತು. "ಅವ್ವನ ಮನೆಗೆ ಓಗದು ಇದು" ಎಂದು ಕೈ ಎಳೆದಳು. ನಾಲ್ಕು ಗಂಟೆಗೆ ವಕೀಲರನ್ನು ನೋಡಬೇಕಾಗಿತ್ತು. ಇನ್ನೊಂದು ದಿನ ಎಂದೆ. ನಂಜನಗೂಡಿನವರೆಗೂ ಕಿಟಕಿಯ ಕಡೆ ತಿರುಗಿ ಕೂತಿದ್ದಳು.

ಮಾರ್ಚ್ 4

ಅರ್ಜಿ ದಾಖಲಾಯಿತು. ವಕೀಲ ಕೃಷ್ಣಕುಮಾರನಿಗೆ ಮೂವತ್ತೈದಿರಬಹುದು. ಜೆರಾಕ್ಸ್ ಅಂಗಡಿಯ ಮೇಲೆ ಕಚೇರಿ. ಮೈಸೂರಿನ ಕೋರ್ಟಿಗೂ ಓಡಾಡುತ್ತಾನೆ. "ಸಾ, ನಿಮ್ ಫೈಲ್ ನೋಡಿದ್ರೆ ನಂಗೇ ನಾಚ್ಕೆ ಆಗುತ್ತೆ. ಕಕ್ಷಿದಾರರು ಅಂದ್ರೆ ಪ್ಲಾಸ್ಟಿಕ್ ಕವರಲ್ಲಿ ಸುತ್ಕೊಂಡ್ ಬರೋರು. ನೀವು ಅನುಕ್ರಮಣಿಕೆ ಮಾಡಿದ್ದೀರಲ್ಲ ಸಾ!" ಏಪ್ರಿಲ್ ಕೊನೆಗೆ ಆದೇಶ ಆಗಬಹುದಂತೆ.

ಮಂಗಳಾ ಫೋನ್ ಮಾಡಿದ್ದಳು. ಮಗುವಿಗೆಂದು ಇಟ್ಟ ಕೋಣೆಗೆ ಹಳದಿ ಬಣ್ಣ ಹೊಡೆಸಿದಳಂತೆ. ಹುಡುಗಿ ಎಡಮಗ್ಗುಲಲ್ಲಿ ಮಲಗುತ್ತಾಳೋ ಬಲಮಗ್ಗುಲಲ್ಲೋ ಎಂದು ಕೇಳಿದಳು. ಮಂಚ ಗೋಡೆಗೆ ಹಾಕುವುದು ಅದರ ಮೇಲಂತೆ. ಗೊತ್ತಿಲ್ಲ ಎಂದೆ.

ಮಾರ್ಚ್ 5

ಬಲಮಗ್ಗುಲು.

ಮಾರ್ಚ್ 17

ಫ್ಯಾಕ್ಸ್ ಬಂದಿದೆ. ಎರಡು ಪುಟ. ನೇರವಾಗಿ ಇಲ್ಲಿ ಬರೆದುಕೊಳ್ಳುತ್ತೇನೆ. ಪ್ರಶ್ನೆ ಹನ್ನೊಂದಕ್ಕೆ ಅರ್ಜಿದಾರರೇ ನೀಡಿರುವ ಉತ್ತರದ ಪ್ರಕಾರ ಮಗುವನ್ನು ವಸ್ತುರೂಪದ ಬೆಲೆಗೆ ಮೂರನೆಯ ವ್ಯಕ್ತಿಗೆ ಮಾರಾಟ ಮಾಡಲಾಗಿದೆ. ಖರೀದಿಸಿದ ವ್ಯಕ್ತಿ ಹಕ್ಕು ಬಿಟ್ಟುಕೊಟ್ಟ ದಾಖಲೆಯಿಲ್ಲ. ಮಕ್ಕಳ ಮಾರಾಟದ ಹಿನ್ನೆಲೆಯಿರುವ ಪ್ರಕರಣಗಳನ್ನು ಕಚೇರಿ ಮುಂದುವರಿಸುವುದಿಲ್ಲ. ಕಡತವನ್ನು ಸ್ಥಗಿತಗೊಳಿಸಲಾಗಿದೆ.

ಕೃಷ್ಣಕುಮಾರ ಎರಡು ಸಲ ಓದಿ ಕನ್ನಡಕ ತೆಗೆದ.

"ಸಾ, ಇದನ್ನ ಅವರಿಗೆ ಯಾರು ಹೇಳಿದ್ದು?"

"ನಾನೇ."

"ಯಾಕ್ ಸಾ?"

"ಕೇಳಿದ್ರು."

ಅವನು ಕನ್ನಡಕವನ್ನು ಒರೆಸಿ ಮತ್ತೆ ಹಾಕಿಕೊಂಡ. ಆಮೇಲೆ, "ನಮ್ಮನೇಲೂ ಒಬ್ಬ ಚಿಕ್ಕಪ್ಪ ಇದ್ದ ಸಾ. ಒಂದು ಸೇರು ತೌಡಿಗೆ ಹೋಗಿದ್ದ. ಲಗ್ನಪತ್ರಿಕೇಲೂ ಬರೆಸಲಿಲ್ಲ, ರೇಷನ್ ಕಾರ್ಡಲ್ಲೂ ಬರೆಸಲಿಲ್ಲ" ಎಂದ.

ಮಾರ್ಚ್ 18

ಮಂಗಳಾ ಫೋನಿನಲ್ಲಿ ಅಳಲಿಲ್ಲ. "ಬರೆಯೋವಾಗ ನನ್ನ ಒಂದು ಮಾತು ಕೇಳಬಹುದಿತ್ತಲ್ಲರೀ" ಎಂದಳು. ನಾನು ಬರೆದದ್ದರಲ್ಲಿ ಸುಳ್ಳು ಒಂದಕ್ಷರವೂ ಇಲ್ಲ ಎಂದೆ. "ಹೌದು, ನೀವು ಬರೆದದ್ದರಲ್ಲಿ ಯಾವತ್ತೂ ಇರೋದಿಲ್ಲ" ಎಂದಳು. ಬೂತಿನ ಮೀಟರಿನ ಕೆಂಪು ಅಂಕಿಗಳು ಓಡುತ್ತಿದ್ದವು.

ಏಪ್ರಿಲ್ 2

ವಿವರಣೆ ಕಳಿಸಿದೆ, ನಾಲ್ಕು ಪುಟ. ಇದು ಆಚರಣೆ, ವ್ಯಾಪಾರವಲ್ಲ, ಇತ್ಯಾದಿ.

ಏಪ್ರಿಲ್ 9

ಮೈಸೂರಿನಲ್ಲಿ ಜಾನಪದ ಕಲಿಸುವ ಒಬ್ಬರಿಂದ ಪತ್ರ ಬರೆಸಿ ಕಳಿಸಿದೆ. ಅವರು ಉತ್ಸಾಹದಿಂದ ಹದಿನಾಲ್ಕು ಊರುಗಳ ಉದಾಹರಣೆ ಸೇರಿಸಿದ್ದರು. ಹದಿನಾಲ್ಕನ್ನೂ ತೆಗೆಸಿದೆ. ಅಷ್ಟು ಕಲಿತಿದ್ದೇನೆ.

ಏಪ್ರಿಲ್ 20

ಉತ್ತರ. ಆಚರಣೆಯೋ ಅಲ್ಲವೋ ತೀರ್ಮಾನಿಸುವುದು ಕಚೇರಿಯ ಕೆಲಸವಲ್ಲ. ಚಿನ್ನಮ್ಮ ಎಂಬ ವ್ಯಕ್ತಿ ತಾನು ಮಗುವನ್ನು ಖರೀದಿಸಿಲ್ಲ, ಸ್ವೀಕರಿಸಿಲ್ಲ, ಮಗುವಿನೊಂದಿಗೆ ತನಗೆ ಹಿಂದೆ ಅಥವಾ ಈಗ ಯಾವುದೇ ಸಂಬಂಧವಿಲ್ಲ ಎಂದು ನೋಟರಿಯ ಮುಂದೆ ಪ್ರಮಾಣ ಮಾಡಿಕೊಟ್ಟರೆ ಕಡತ ತೆರೆಯಬಹುದು. ಅದು ಮೇ 31ರೊಳಗೆ ತಲುಪಬೇಕು; ನ್ಯಾಯಾಲಯದ ಆದೇಶ ಆಮೇಲೆ ಬಂದರೂ ಆಗುತ್ತದೆ.

ಒಂದು ಹೆಬ್ಬೆಟ್ಟು. ಕೃಷ್ಣಕುಮಾರ ಮೇಜು ಕುಟ್ಟಿದ. "ಮುಗೀತು ಸಾ, ಕೆಲ್ಸ ಆದಂಗೇ. ಮಧ್ಯಾಹ್ನವೇ ಟೈಪ್ ಮಾಡಿಸ್ತೀನಿ."

ಏಪ್ರಿಲ್ 24. ಮುಡುಕುತೊರೆ

ಬಿಂದುಶ್ರೀಯನ್ನೂ ಕರೆದುಕೊಂಡು ಹೋಗಿದ್ದೆ. ಬಸ್ಸು ನಿಲ್ಲುವ ಮೊದಲೇ "ಅವ್ವಾ" ಎಂದು ಕೂಗಿಕೊಂಡಳು. ನನ್ನ ಜೊತೆ ಎರಡೂವರೆ ತಿಂಗಳಿದ್ದವಳು ಆ ದನಿಯಲ್ಲಿ ಒಂದು ಸಲವೂ ಕೂಗಿರಲಿಲ್ಲ. ಗಮನಿಸಿದೆ, ಅಷ್ಟೆ.

ಚಿನ್ನಮ್ಮನಿಗೆ ಅರವತ್ತು ದಾಟಿದೆ. ಗಂಡ ತಿಮ್ಮಯ್ಯ ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದ. ನಾನು ಕಾಗದ ತೆಗೆದು ವಿಷಯ ಹೇಳಿದೆ.

"ಸುಳ್ಳು ಅಂತ ಬರ್ಯದಾ? ಯಾವ್ದಪ್ಪ ಸುಳ್ಳು?"

"ಮಾರಿದ್ದು, ಕೊಂಡಿದ್ದು. ಅದು ನಡೀಲೇ ಇಲ್ಲ ಅಂತ."

"ನಾನೇ ಈ ಕೈಲಿ ಅಳ್ದು ಕೊಟ್ಟಿವ್ನಿ ಕಣಪ್ಪ. ಮೂರು ಪಾವು. ಮ್ಯಾಲೆ ಕೊಸ್ರು ಬ್ಯಾರೆ ಆಕಿವ್ನಿ."

"ಕೊಸ್ರು ಆಕುದ್ದು ನಾನು" ಎಂದ ತಿಮ್ಮಯ್ಯ ಹಗ್ಗದಿಂದ ತಲೆ ಎತ್ತದೆ. "ಇವ್ಳು ಅಳ್ತೇಲಿ ಬಲೇ ಬಿಗಿ."

"ನೀ ಸುಮ್ನಿರು ವಸಿ."

ಇದು ಕಾಗದಕ್ಕೆ ಮಾತ್ರ, ಹುಡುಗಿ ನನ್ನ ಜೊತೆ ಬರಬೇಕಾದರೆ ಇದೊಂದೇ ದಾರಿ, ಇಲ್ಲಿ ಯಾರೂ ಇದನ್ನು ಓದುವುದಿಲ್ಲ ಎಂದೆ. ಚಿನ್ನಮ್ಮ ಬಿಂದುಶ್ರೀಯ ತಲೆಯಲ್ಲಿ ಹೇನು ನೋಡುತ್ತಾ ಕೂತಿದ್ದಳು. ಕೈ ನಿಲ್ಲಿಸಲಿಲ್ಲ.

"ಅಲ್ಲಾ ಕಣಪ್ಪ, ಅಷ್ಟು ದೂರ್ದ ಸರ್ಕಾರ್ದೋರು ಕಾಗ್ದ ನೋಡ್ತಾರೆ. ಮಕ್ಳ ಉಡುಕ್ಕಂಡು ಬರಾನು ನೋಡಾಕಿಲ್ವಾ? ಚಿನ್ನಮ್ಮುಂದಲ್ಲ ಈ ಮಗ, ಅವ್ಳೇ ಒಪ್ಕಂಡು ಒತ್ತವ್ಳೆ ಅಂತ ಅವ್ನಿಗೆ ಗೊತ್ತಾದ್ರೆ?"

ಕಾಗದದ ಮೇಲೆ ಬರೆದದ್ದನ್ನು ಇಷ್ಟು ನಂಬುವವರನ್ನು ನಾನು ಬರ್ಗೆನ್ ಕಚೇರಿಯನ್ನು ಬಿಟ್ಟರೆ ಇಲ್ಲೇ ನೋಡಿದ್ದು.

"ಎಲ್ಡು ಓಗವೆ ಆ ಮನೇಲಿ" ಎಂದಳು. "ನಾನೇ ಮಣ್ಣಿಗೆ ಎತ್ಕೊಟ್ಟಿವ್ನಿ. ಬ್ಯಾರೆ ಏನಾದ್ರೂ ಕೇಳು, ಒತ್ತೀನಿ."

ಬರುವಾಗ ಮುಸುಕಿನ ಜೋಳ ಕಟ್ಟಿ ಕೊಟ್ಟಳು.

ಮೇ 3

ಹುಡುಗಿಗೆ ಜ್ವರ. ಬೆಳಿಗ್ಗೆ 101. ಹತ್ತಕ್ಕೆ 102.4. ಮಧ್ಯಾಹ್ನ 103. ಡಾಕ್ಟರು ಈ ಬಿಸಿಲಿನಲ್ಲಿ ಎಲ್ಲ ಮಕ್ಕಳಿಗೂ ಬರುತ್ತಿದೆ ಎಂದರು. ಸ್ವೆಟರ್ ಹಾಕಿಕೊಂಡೇ ಮಲಗಬೇಕೆಂದು ಹಟ. ಹೊರಗೆ ಮೂವತ್ತೆಂಟು ಡಿಗ್ರಿ. ಒದ್ದೆ ಬಟ್ಟೆ ಬದಲಾಯಿಸುತ್ತಾ ಕೂತೆ. ನಾಲ್ಕಕ್ಕೆ 101.8. ಐದೂವರೆಗೆ 100.

ರುದ್ರಕ್ಕ ಗೋಡೆ ಹಿಡಿದುಕೊಂಡು ಬಂದು ನಿಂತಳು. "ಮಲ್ಲು, ಆ ಕಾಗದ ಇನ್ನೂ ಮನೇಲೇ ಇದೆಯೇನೋ?"

"ಇದೆ."

"ಆಚೆ ಎಲ್ಲಾದ್ರೂ ಇಡೋ."

ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ವಿವರಿಸಿದೆ. ಆಮೇಲೆ ವಾದ ಬೇಡವೆಂದು ಕಾಗದವನ್ನು ಕೃಷ್ಣಕುಮಾರನ ಕಚೇರಿಯಲ್ಲಿಟ್ಟು ಬಂದೆ. ಹೇಗೂ ನಕಲು ಮಾಡಿಸುವುದಿತ್ತು.

ಮೇ 12

ಕೃಷ್ಣಕುಮಾರ ಬಾಗಿಲು ಮುಂದೆ ಮಾಡಿ ಹೇಳಿದ. "ಸಾ, ತಪ್ಪು ತಿಳೀಬೇಡಿ. ಹೆಬ್ಬೆಟ್ಟಿಗೆ ಹೆಸರು ಬರೆದಿರುತ್ತಾ? ಇದೇ ಬೀದೀಲಿ ಹತ್ತು ಜನ ಚಿನ್ನಮ್ಮಂದಿರನ್ನ ಕರ್ಕೊಂಡ್ ಬತ್ತೀನಿ. ಅವರ್ಯಾರೂ ನಿಮ್ ಹುಡುಗೀನ ಕೊಂಡಿಲ್ಲ, ಪ್ರಮಾಣ ಮಾಡಿದ್ರೂ ನಿಜವೇ ಆಗುತ್ತೆ."

ಯೋಚಿಸಿ ಹೇಳುತ್ತೇನೆ ಎಂದು ಬಂದೆ. ಕಪಿಲೆಯ ಮೆಟ್ಟಿಲ ಮೇಲೆ ಕೂತಿದ್ದೆ. ನೀರು ತೀರಾ ಇಳಿದಿದೆ. ಇಂಥದನ್ನು ಯೋಚಿಸುವುದಾಗಿ ನಾನು ಈ ಹಿಂದೆ ಯಾರಿಗೂ ಹೇಳಿದವನಲ್ಲ. ಸಂಜೆ ಹೋಗಿ ಬೇಡ ಎಂದೆ. ತತ್ವಕ್ಕಾಗಿ ಅಲ್ಲ. ಬೇರೆ ಚಿನ್ನಮ್ಮ ಒತ್ತಿದರೂ ಕಾಗದದಲ್ಲಿ ಇರುವುದು ಇವಳ ಊರು, ಇವಳ ಗಂಡನ ಹೆಸರು.

ಯಾರು ನೋಡಿಯಾರೆಂದು ನಾನು ಹೆದರಿದೆನೋ, ಬರೆಯಲಾರೆ.

ಮೇ 17

ತೌಡಿ ಸ್ಲೇಟಿನ ಮೇಲೆ ವಿಮಾನ ಬರೆದಿದ್ದಾಳೆ. ಮೂರು ಜನ. ಒಬ್ಬರಿಗೆ ಕಾಲು ಬರೆಯಲು ಜಾಗ ಸಾಲದೆ ವಿಮಾನದ ಹೊರಗೆ ಇಳಿಬಿಟ್ಟಿದ್ದಾಳೆ. "ಅದು ನೀವು" ಎಂದಳು.

ಮೇ 19

ಚಿನ್ನಮ್ಮ ತಾನಾಗಿಯೇ ಬಂದಳು. ಗಂಡನನ್ನೂ ಕರೆದುಕೊಂಡು, ಬೆಳಗಿನ ಮೊದಲ ಬಸ್ಸಿಗೆ. ರುದ್ರಕ್ಕ ಹುಬ್ಬಳ್ಳಿಗೆ ಹೋಗುವ ವಿಷಯ ಯಾರೋ ಹೇಳಿದ್ದರಂತೆ.

"ಒತ್ತೀನಿ ನಡೀರಿ" ಎಂದಳು. "ನಾವು ಮುದುಕ್ರಾದೋ. ಅಲ್ಲಾದ್ರೂ ಓದ್ಕಂಡು ಚೆಂದಾಗಿರ್ಲಿ. ಆಗದು ನನಗಾಗ್ಲಿ ಅಂತ ಮಾದಪ್ಪುಂಗೆ ಏಳ್ಕಂಡಿವ್ನಿ."

ಹತ್ತೂವರೆಗೆ ಕೃಷ್ಣಕುಮಾರನ ಕಚೇರಿ. ನೋಟರಿ ಬಂದಿದ್ದರು. ಅಕ್ಕ ಮತ್ತು ತೌಡಿ ಕೆಳಗೆ ಜೆರಾಕ್ಸ್ ಅಂಗಡಿಯ ಬೆಂಚಿನ ಮೇಲೆ ಕೂತರು. ಕೃಷ್ಣಕುಮಾರ ಓದಲು ಹೊರಟಾಗ ಚಿನ್ನಮ್ಮ ಕೈ ಅಡ್ಡ ಹಿಡಿದಳು. "ನೀ ಬ್ಯಾಡ. ಅವ್ರು ಓದ್ಲಿ."

ಓದಿದೆ. ಬಿಂದುಶ್ರೀ ಎಂಬ ಮಗುವನ್ನು ನಾನು ಯಾವ ಕಾಲದಲ್ಲಿಯೂ ಯಾರಿಂದಲೂ ಪಡೆದಿರುವುದಿಲ್ಲ. ಸದರಿ ಮಗುವನ್ನು ನನ್ನ ಮನೆಗೆ ತಂದಿರುವುದಿಲ್ಲ. ಸದರಿ ಮಗುವಿಗೂ ನನಗೂ ಯಾವುದೇ ಸಂಬಂಧ ಇರುವುದಿಲ್ಲ.

ನನ್ನ ಸ್ವಂತ ಕರಡು. ಗಟ್ಟಿಯಾಗಿ ಓದಿ ನೋಡಿರಲಿಲ್ಲ.

"ತೌಡಿ ಎಲ್ಲವ್ಳೆ?"

"ಕೆಳಗೆ."

"ಕೇಳ್ಸಾಕಿಲ್ವಲ್ಲ?"

"ಇಲ್ಲಮ್ಮ."

ಯಾರೂ ಹಿಡಿದುಕೊಳ್ಳುವ ಮೊದಲೇ ತಾನೇ ಹೆಬ್ಬೆಟ್ಟನ್ನು ಪ್ಯಾಡಿಗೆ ಒತ್ತಿದಳು. ಬಲವಾಗಿ, ರೊಟ್ಟಿ ತಟ್ಟುವವರ ಹಾಗೆ. ನೀಲಿ ಶಾಯಿ ಉಗುರಿನ ಸಂದಿಗೂ ಏರಿ ಗೆಣ್ಣಿನವರೆಗೆ ಇಳಿಯಿತು. ತಿಮ್ಮಯ್ಯ ಎದ್ದು ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿ ನಿಂತ. ಅವಳ ಕೈ ಕಾಗದದ ಮೇಲೆ ಬಂತು. ತುಟಿ ಅಲ್ಲಾಡುತ್ತಿತ್ತು.

ಪ್ಯಾಡಿನ ಶಾಯಿ ಒಣಗಿತ್ತು. ಗುರುತು ಸರಿಯಾಗಿ ಮೂಡುವಂತಿರಲಿಲ್ಲ. ಹಾಗಾಗಿ ಬೇಡವೆಂದು ಕಾಗದವನ್ನು ಎಳೆದುಕೊಂಡೆ.

"ಏನ್ ಸಾ ಇದು?" ಎಂದ ಕೃಷ್ಣಕುಮಾರ. ನೋಟರಿ ಗಡಿಯಾರ ನೋಡಿಕೊಂಡರು. ಚಿನ್ನಮ್ಮನ ಹೆಬ್ಬೆಟ್ಟು ಸ್ವಲ್ಪ ಹೊತ್ತು ಗಾಳಿಯಲ್ಲೇ ಇತ್ತು. ಆಮೇಲೆ ಅದನ್ನು ಸೆರಗಿಗೆ ಒರೆಸಿಕೊಂಡಳು. ಕೆಳಗೆ ತೌಡಿ ಆ ಕಲೆ ನೋಡಿ, "ಅವ್ವ ಸೀರೆ ಆಳ್ ಮಾಡ್ಕಂಡ್ಬುಟ್ಟವ್ಳೆ" ಎಂದು ಬೀದಿಗೆಲ್ಲ ಕೇಳಿಸುವ ಹಾಗೆ ನಕ್ಕಳು.

ಮಧ್ಯಾಹ್ನದ ಬಸ್ಸಿಗೆ ಹತ್ತಿಸಿ ಬಂದೆ.

ಮೇ 20

ಮಂಗಳಾಗೆ ಫೋನು. ಶಾಯಿ ಒಣಗಿತ್ತು ಎಂದು ಹೇಳಿದೆ.

"ಇನ್ನೊಂದು ಪ್ಯಾಡು ಇರಲಿಲ್ವೇನ್ರೀ?"

"ಇರಲಿಲ್ಲ."

ತಂತಿಯಲ್ಲಿ ಸಮುದ್ರದಂಥ ಸದ್ದು.

"ನೀವು ಚೆನ್ನಾಗಿದ್ದೀರಾ?" ಎಂದಳು.

ಮೇ 24

ಅಫಿಡವಿಟ್ ಕೊರಿಯರ್ ಮಾಡಲು ಇವತ್ತು ಕೊನೆಯ ದಿನ. ಕೃಷ್ಣಕುಮಾರ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮನೆಗೆ ಬಂದ. ಸಂಜೆ ಬಂದಾಗ ಹೊಸ ಪ್ಯಾಡನ್ನು ಜೇಬಿನಿಂದ ತೆಗೆದು ಹೊಲಿಗೆ ಯಂತ್ರದ ಮೇಲಿಟ್ಟ. ಕಾಫಿ ಕುಡಿದು ಹೋದ. ನಾನು ತೌಡಿಗೆ ಉಗುರು ಕತ್ತರಿಸುತ್ತಿದ್ದೆ.

ಮೇ 31

ಸೋಮವಾರ.

ಜೂನ್ 3

ಬಸವೇಶ ಬಂದು ಅಕ್ಕನನ್ನು ಕರೆದುಕೊಂಡು ಹೋದ. ಹೊಲಿಗೆ ಯಂತ್ರವನ್ನೂ ಲಾರಿಗೆ ಹಾಕಿದರು. ಹೊರಡುವಾಗ ಅಕ್ಕ ತೌಡಿಯನ್ನು ಮುಟ್ಟಲಿಲ್ಲ. "ಮುಟ್ಟಿದ್ರೆ ಹೋಗಕ್ಕಾಗಲ್ಲ ಕಣೋ" ಎಂದಳು. ಬಸವೇಶ ನನ್ನ ಹತ್ತಿರ ಬಂದು "ಮಾವ, ನಮ್ಮನೇಲಿ..." ಎಂದು ಶುರು ಮಾಡಿ ನಿಲ್ಲಿಸಿದ. ಗೊತ್ತು ಎಂದೆ.

ನಾನು ಇಲ್ಲೇ ಉಳಿಯಬಹುದಿತ್ತು. ಈ ವಾಕ್ಯವನ್ನು ಬರೆದು ನೋಡಿದೆ. ರಜೆ ಮುಗಿದಿದೆ, ಮಂಗಳಾ ಅಲ್ಲಿದ್ದಾಳೆ, ಇಪ್ಪತ್ತು ವರ್ಷ ಅಲ್ಲಿದ್ದೇನೆ. ಎಲ್ಲವೂ ನಿಜ. ಇದ್ದದ್ದನ್ನು ಇದ್ದ ಹಾಗೆ ಬರೆದರೆ ಇಷ್ಟೇ ಬರುತ್ತದೆ.

ಜೂನ್ 6. ಮುಡುಕುತೊರೆ, ಆಮೇಲೆ ಟಿ. ನರಸೀಪುರ ಬಸ್ ನಿಲ್ದಾಣ

ತೌಡಿಯನ್ನು ಬಿಟ್ಟು ಬಂದೆ. ಬೇರೆ ಎಲ್ಲಿ ಬಿಡುವುದು. ಲೆಕ್ಕದಲ್ಲಿ ಅವಳ ಅವ್ವ ಅಲ್ಲಿದ್ದಾಳೆ.

ಎರಡು ಚೀಲ, ಸ್ಲೇಟು. ಚಿನ್ನಮ್ಮ ಹೊಸಿಲಾಚೆ ನಿಂತಿದ್ದಳು. ತಿಮ್ಮಯ್ಯ ಚೀಲ ತೆಗೆದುಕೊಂಡು, "ಇಸ್ಕೂಲು ಇಲ್ಲೇ ಕಣಪ್ಪ, ಕೂಗಿದ್ರೆ ಕೇಳ್ಸದು" ಎಂದ. ಅಷ್ಟು ಹೊತ್ತಿನಲ್ಲಿ ಅವನೊಬ್ಬ ಆಡಿದ ಮಾತು ಅದು.

ರಸ್ತೆಯವರೆಗೆ ತೌಡಿ ಜೊತೆಗೆ ಬಂದಳು. ನನ್ನ ತೋರುಬೆರಳು ಹಿಡಿದಿದ್ದಳು. ಬಸ್ಸಿಗೆ ಹೊತ್ತಿತ್ತು. ಹುಣಿಸೆಮರದ ಬುಡದಲ್ಲಿ ಕೂತೆವು.

"ದೊಡ್ಡಪ್ಪ."

"ಹೂಂ."

"ನಿಮ್ಮತ್ರ ತೌಡು ಇರ್ನಿಲ್ವಾ?"

"ಇರಲಿಲ್ಲ."

"ನಿಮ್ಮೂರಲ್ಲಿ ಸಿಕ್ಕಾಕಿಲ್ವಾ?"

"ಸಿಗೋದಿಲ್ಲ."

ಹುಣಿಸೆ ಬೀಜವನ್ನು ಒಂದರ ಮೇಲೊಂದು ಇಡಲು ನೋಡಿದಳು. ನಿಲ್ಲಲಿಲ್ಲ.

"ಅವ್ವನ್ನ ಕೇಳಿದ್ರೆ ಕಡ ಕೊಡೋಳು" ಎಂದಳು.

ಬಸ್ಸು ಬಂತು.

ಅಕ್ಟೋಬರ್ 16. ಬರ್ಗೆನ್

ಜೂನ್ ನಂತರ ಏನೂ ಬರೆದಿಲ್ಲ. ಬರೆಯುವಂಥದು ಇರಲಿಲ್ಲ. ಕಚೇರಿಯಿಂದ ಕಡತ ಮುಕ್ತಾಯಗೊಂಡ ಪತ್ರ ಬಂತು. ಹಸಿರು ಫೈಲಿನಲ್ಲಿ ಕೊನೆಯದಾಗಿ ಹಾಕಿದೆ. ಹಳದಿ ಕೋಣೆಯಲ್ಲಿ ಮಂಗಳಾ ಇಸ್ತ್ರಿ ಮಾಡುತ್ತಾಳೆ. ಊರಿನಿಂದ ಬಂದಾಗ ನನ್ನ ಪೆಟ್ಟಿಗೆಯ ತಳದಲ್ಲಿ ಸ್ವೆಟರ್ ಸಿಕ್ಕಿತ್ತು. ಆ ಸೆಕೆಯ ಊರಿನಲ್ಲಿ ಯಾಕೆಂದು ಅಕ್ಕನೇ ಇಟ್ಟಿರಬೇಕು. ಅದು ಆ ಕೋಣೆಯ ಕಪಾಟಿನಲ್ಲಿದೆ.

ಕೃಷ್ಣಕುಮಾರನ ಪತ್ರ. ಬಿಂದುಶ್ರೀ ಒಂದನೇ ತರಗತಿಗೆ ಹೋಗುತ್ತಿದ್ದಾಳಂತೆ. ದಾಖಲಾತಿಗೆ ಅವನೇ ಹೋಗಿದ್ದನಂತೆ. ಚಿನ್ನಮ್ಮ ಮಳೆಗಾಲದಲ್ಲಿ ಜಾರಿ ಬಿದ್ದು ಸೊಂಟ ನೋಯಿಸಿಕೊಂಡಿದ್ದಾಳೆ, ಈಗ ಓಡಾಡುತ್ತಾಳೆ.

ಇವತ್ತು ಶನಿವಾರ. ಮೂಲೆಯ ಅಂಗಡಿಯಲ್ಲಿ ಬೆಳಗಿನ ತಿಂಡಿಯ ಸಾಲಿನಲ್ಲಿ, ಕೆಳಗಿನ ಹಲಗೆಯ ಮೇಲೆ ತೌಡಿತ್ತು. ಓಟ್ಸಿನದು. ಕಾಗದದ ಪೊಟ್ಟಣದಲ್ಲಿ, ಅರ್ಧ ಅರ್ಧ ಕಿಲೋ. ಫೆಬ್ರವರಿಯಲ್ಲಿ ಅರ್ಧ ಗಂಟೆ ಹುಡುಕಿದ ಪದ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಇಪ್ಪತ್ತು ವರ್ಷದಿಂದ ಈ ಅಂಗಡಿಗೆ ಹೋಗುತ್ತಿದ್ದೇನೆ.

ಎರಡು ಪೊಟ್ಟಣ ತಂದೆ. ಒಂದು ಸಾಲದೇ ಹೋಗಬಹುದು.

"ಇದನ್ನ ಯಾರು ತಿಂತಾರೆ?" ಎಂದಳು ಮಂಗಳಾ.

"ತಿನ್ನೋದಕ್ಕಲ್ಲ."

ಅಡುಗೆಮನೆಯ ಕಿಟಕಿಯ ಹತ್ತಿರ ಇಟ್ಟಿದ್ದೆ. ಸಂಜೆ ನೋಡಿದರೆ ಅಲ್ಲಿರಲಿಲ್ಲ. ಹಳದಿ ಕೋಣೆಯ ಕಪಾಟು ತೆಗೆದೆ. ಸ್ವೆಟರಿನ ಪಕ್ಕದಲ್ಲಿ ಎರಡನ್ನೂ ಜೋಡಿಸಿಟ್ಟಿದ್ದಳು. ಮೇಲೆ ನಮ್ಮ ಅಕ್ಕಿ ಡಬ್ಬಿಯ ಪಾವು.